ಹೊಗೆ ಕಾಣದ ಗೋಡೆ

ಬಬಲೇಶ್ವರದ ಹೊಸ ಬಡಾವಣೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಮೂಡಿಲ್ಲ. ಬಾಗಿಲು ಕೂಡಿಸದ ಮನೆಯೊಂದರ ಪಡಸಾಲೆಯಲ್ಲಿ ಕಾಳವ್ವ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ. ಬಳೆಗಳನ್ನು ಮೊಳಕೈವರೆಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾರೆ. ಎದುರಿನ ಗೋಡೆಯ ನಡುವೆ ಒಂದು ಪೊಳ್ಳು, ಒಬ್ಬರು ಚಕ್ಕಳಮಕ್ಕಳ ಹಾಕಿ ಕೂಡುವಷ್ಟು ಅಗಲ. ಅದರ ಸುತ್ತ ಸುಣ್ಣದ ಗಿಲಾವು ಹಸಿಯಾಗಿ ಹೊಳೆಯುತ್ತಿದೆ. ಮಗ್ಗುಲಲ್ಲಿ ಗಾರೆ ಬಳಿಯುವ ಥಾಪಿ ಇದೆ, ಆದರೆ ಕೆಲಸವೆಲ್ಲ ಬಲಗೈಯ ಹೆಬ್ಬೆರಳಿನದು. ಅವರು ಬೆರಳನ್ನು ಒತ್ತಿ ಎಳೆದಲ್ಲಿ ಒಂದು ಎಸಳು ಏಳುತ್ತದೆ. ಉಗುರಿನಿಂದ ಗೀರಿದರೆ ಅದಕ್ಕೆ ಮುಳ್ಳು ಬರುತ್ತದೆ. ನೋಡುನೋಡುತ್ತ ಗೋಡೆಯ ಮೇಲೆ ಕುಸುಬೆಯ ಹೂವೊಂದು ಅರಳಿ ನಿಲ್ಲುತ್ತದೆ.

"ಸುಣ್ಣ ಮಾತು ಕೇಳೂದು ಈ ಹೊತ್ತಿನ್ಯಾಗ ಅಷ್ಟರಿ," ಎನ್ನುತ್ತಾರೆ ಕಾಳವ್ವ, ಕೈ ನಿಲ್ಲಿಸದೆ. "ಬಿಸಲ ಏರಿತಂದ್ರ ಬಿರಕ ಬಿಡತೈತಿ. ಆಮ್ಯಾಲ ಅದು ನಮ್ಮ ಮಾತ ಕೇಳಂಗಿಲ್ಲ, ನಾವ ಅದರ ಮಾತ ಕೇಳಬೇಕು." ಗಂಡ ಶಿವಶರಣಪ್ಪ ಕತ್ತಲಿರುವಾಗಲೇ ತಿಕೋಟಾದಿಂದ ಬೈಕಿನ ಮೇಲೆ ತಂದು ಬಿಟ್ಟು, ತಾವು ಕೂಲಿ ಮಾಡುವ ಒಣದ್ರಾಕ್ಷಿ ಶೆಡ್ಡಿಗೆ ಹೊರಟುಹೋಗಿದ್ದಾರೆ. ಬುತ್ತಿಯ ಗಂಟು ಮೂಲೆಯಲ್ಲಿದೆ. ಹೂವಿನ ಸಾಲು ಮುಗಿಯುವವರೆಗೆ ಅದನ್ನು ಬಿಚ್ಚುವುದಿಲ್ಲ.

ಗೋಡೆಯಲ್ಲಿರುವ ಆ ಪೊಳ್ಳಿಗೆ ನಗರದವರು ಫೈರ್‌ಪ್ಲೇಸ್ ಅನ್ನುತ್ತಾರೆ. ಕಾಳವ್ವ ಅದಕ್ಕೆ ಇಟ್ಟ ಹೆಸರು ಗ್ವಾಡಿ ಒಲಿ. ಬೇಸಿಗೆಯಲ್ಲಿ ಗೋಡೆ ಮುಟ್ಟಿದರೆ ಕೈ ಸುಡುವ ಈ ಸೀಮೆಯಲ್ಲಿ ಪಡಸಾಲೆಗೆ ಒಲೆ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಯಾರಿಗಾದರೂ ಬರುವಂಥದ್ದೇ. ಕಾಳವ್ವನಿಗೂ ಬಂದಿತ್ತು. ಉತ್ತರ ಅವರಿಗೆ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೂ ಬೇಜಾರಿಲ್ಲ, ಏಕೆಂದರೆ ಈ ಒಲೆಯಲ್ಲಿ ಅವರು ಬೇರೆಯದೇ ಒಂದು ಚೆಂದ ಕಂಡಿದ್ದಾರೆ.

ಆ ಚೆಂದ ತಿಳಿಯಬೇಕಾದರೆ ಅವರ ತವರು ಕನಮಡಿಗೆ ಹೋಗಬೇಕು. ಅಲ್ಲಿ ಕಾಳವ್ವನ ತಾಯಿ ಮನೆಮನೆಗೆ ಒಲೆ ಹೂಡುತ್ತಿದ್ದರು. ಒಲೆ ಹೂಡಿದ ಮೇಲೆ ಅದರ ಹಿಂದಿನ ಗೋಡೆಯನ್ನು ಬಿಳಿಮಣ್ಣಿನಿಂದ ಸಾರಿಸಿ, ಹುರಮಂಜಿನ ಕೆಂಪಿನಲ್ಲಿ ಬಳ್ಳಿ ಬರೆದು, ಉಪ್ಪಿನ ಗಡಿಗೆಗೊಂದು, ಚಿಮಣಿ ದೀಪಕ್ಕೊಂದು ಗೂಡು ಬಿಡುವುದು ಅವರ ರೂಢಿ. ಮಗಳಿಗೆ ಬಂದದ್ದು ಆ ಕೈ. ಮದುವೆಯಾಗಿ ತಿಕೋಟಾಕ್ಕೆ ಬಂದ ಮೇಲೂ ಸುತ್ತಲಿನ ಊರುಗಳಲ್ಲಿ ಹೊಸ ಒಲೆ ಹೂಡುವವರು ಕಾಳವ್ವನನ್ನೇ ಕರೆಯುತ್ತಿದ್ದರು.

ಆದರೆ ಒಲೆಯ ಗೋಡೆಯ ಹಣೆಬರಹ ಎಲ್ಲರಿಗೂ ಗೊತ್ತು. "ಇವತ್ತ ಹೂ ಬರದ್ರ ಮುಂದಿನ ಅಮಾಸಿಗೆ ಕರ್ರಗ," ಎಂದು ಕಾಳವ್ವ ನಗುತ್ತಾರೆ. "ನಮ್ಮವ್ವ ಅಂತಿದ್ಲು, ನಾವು ಹೊಗಿಗೆ ಹಬ್ಬದ ಅಡಗಿ ಬಡಸವ್ರು, ಅದು ತಿಂದು ಬಾಯಿ ಒರಸಿಕೊಂಡು ಹೋಗತೈತಿ ಅಂತ." ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಕಾಳವ್ವನ ಕಸುಬು ಹೊಗೆಯ ಮರೆಗೆ ಹೋದದ್ದು. ಆಮೇಲೆ ಗ್ಯಾಸ್ ಬಂತು. ಹೊಗೆ ಹೋಯಿತು, ಅದರ ಜೊತೆ ಒಲೆಯೂ ಹೋಯಿತು. ಅಡುಗೆಮನೆಯ ಗೋಡೆಗಳಿಗೆ ಅಚ್ಚಿನ ಹೂವಿರುವ ಟೈಲ್ಸ್ ಬಂದವು. ಅವರು ಬರೆದ ಗೋಡೆಗಳಲ್ಲಿ ಒಂದೂ ಇವತ್ತು ನಿಂತಿಲ್ಲ. "ನೀವೇನು ಮಾಡೀರಿ ಅಂತ ಯಾರರ ಕೇಳಿದ್ರ ತೋರಸಾಕ ಒಂದು ಗ್ವಾಡಿನೂ ಇಲ್ರಿ" ಎನ್ನುವಾಗ ಮಾತ್ರ ಅವರ ನಗು ಸ್ವಲ್ಪ ತಡೆಯುತ್ತದೆ.

ಕೈ ಖಾಲಿಯಾದ ಮೇಲೆ ಅವರು ವಿಜಯಪುರದ ಕಟ್ಟಡಗಳಲ್ಲಿ ಬುಟ್ಟಿ ಹೊರಲು ನಿಂತರು. ಮರಳು, ಇಟ್ಟಿಗೆ, ಕಲಸಿದ ಸಿಮೆಂಟು, ದಿನವಿಡೀ ಏಣಿ ಹತ್ತುವುದು ಇಳಿಯುವುದು. ಅಲ್ಲಿ ಗಾರೆ ಕೆಲಸ ನಡೆಸುವ ಗೌಂಡಿ ಸಂಗು ತೊರವಿಯವರು, ಕಟ್ಟುವುದರಲ್ಲಿ ಪಳಗಿದ ಮನುಷ್ಯ. ಒಮ್ಮೆ ಊಟದ ಬಿಡುವಿನಲ್ಲಿ ಕಾಳವ್ವ ಗೋಡೆಯ ಮೂಲೆಯೊಂದನ್ನು ಬೆರಳಿನಿಂದಲೇ ತೀಡಿ ನೇರ ಮಾಡಿದ್ದನ್ನು ಅವರು ಕಂಡರು. ಮರುದಿನ ಕೈಗೆ ಥಾಪಿ ಕೊಟ್ಟರು. ಉಳಿದ ಗೌಂಡಿಗಳು ಸುಮ್ಮನಿದ್ದಾರೆಯೇ? "ಹೆಣ್ಮಗಳು ಥಾಪಿ ಹಿಡದ್ರ ಗ್ವಾಡಿ ನಾಚಿಕೊಂಡು ಬಾಗತೈತಿ" ಎಂದು ಚಾಷ್ಟಿ ಮಾಡಿದರು. ಕಾಳವ್ವ ಥಾಪಿ ಆಡಿಸುತ್ತಲೇ ಹೋದರು. ಅವರ ಗೋಡೆ ಬಾಗಲಿಲ್ಲ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ವೇದವ್ಯಾಸ ಎಂಬವರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದಾಗ ಈ ಗ್ವಾಡಿ ಒಲಿಯ ಕಥೆ ಶುರುವಾಯಿತು. ವೇದವ್ಯಾಸ ಬ್ಯಾಂಕಿನವರು. ಕೆಲವು ವರ್ಷ ಶಿಲ್ಲಾಂಗಿನಲ್ಲಿದ್ದಾಗ ಮನೆಯವರೆಲ್ಲ ಗೋಡೆಯ ಬೆಂಕಿಯ ಮುಂದೆ ಕೂತು ಮಾತಾಡುವುದು ರೂಢಿಯಾಗಿತ್ತಂತೆ. ಊರಿಗೆ ಮರಳಿದ ಮೇಲೆ ಆ ಕೂಟವೇ ತಪ್ಪಿಹೋಯಿತೆಂದು ಪಡಸಾಲೆಯಲ್ಲಿ ಇಟ್ಟಿಗೆಯ ಒಲೆಗೂಡು ಕಟ್ಟಿಸಿದರು. ಚಾವಣಿಗೆ ಹೊಗೆಯ ಕೊಳವೆಯೂ ಇದೆ. ಸದ್ಯಕ್ಕೆ ಒಳಗೆ ಕೂಡಿಸಿದ್ದು ಮಾತ್ರ ಕರೆಂಟಿನ ಉರಿ. ಗುಂಡಿ ಒತ್ತಿದರೆ ಗಾಜಿನ ಹಿಂದೆ ಜ್ವಾಲೆ ಕುಣಿಯುತ್ತದೆ, ಕೈ ಇಟ್ಟರೆ ತಣ್ಣಗಿರುತ್ತದೆ.

ಅದರ ಸುತ್ತಲಿನ ಗೋಡೆಯನ್ನು ಸಿಂಗರಿಸುವ ಕೆಲಸವನ್ನು ಸಂಗು ಕಾಳವ್ವನಿಗೆ ಒಪ್ಪಿಸಿದರು. ಮನೆಯೊಡತಿ ಮೃಣಾಲ ಕಾಲೇಜಿನಲ್ಲಿ ಪಾಠ ಹೇಳುವವರು. ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸಿದರು: ಒಲೆಯ ಮೇಲೆ ಜಿಂಕೆಯ ಕೊಂಬು, ಮೇಣದ ಬತ್ತಿ, ದೊಡ್ಡ ಕನ್ನಡಿ, ಸಾಲಾಗಿ ತೂಗುವ ಕೆಂಪು ಕಾಲುಚೀಲ. ಕಾಳವ್ವ ಆ ಕೊನೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಕ್ಕಾರ, ಕಾಲಚೀಲ ಒಣಗಾಕ ಹಾಕ್ಯಾರೇನ್ರಿ?" ಎಂದು ಕೇಳಿದರು. ಮೃಣಾಲ ನಕ್ಕು, "ಅವು ಅವರ ಹಬ್ಬದ ಶೃಂಗಾರ. ನಮಗ ಬ್ಯಾಡ. ನೀವು ಒಲಿ ಗೋಡಿ ಹೆಂಗ ಮಾಡತಿದ್ದಿರೋ ಹಂಗ ಮಾಡ್ರಿ, ಆದ್ರ ಪೂರಾ ಬಿಳೀದಿರಲಿ" ಎಂದರು.

ಕಾಳವ್ವ ಒಲೆಯ ಎರಡೂ ಬದಿಗೆ ಪುಟ್ಟ ಗೂಡು ಬಿಟ್ಟರು. ಉಪ್ಪಿನ ಗಡಿಗೆ ಇಡುವ ಗೂಡಿನಲ್ಲಿ ಹಿತ್ತಾಳೆಯ ತಂಬಿಗೆ ಕೂತಿತು. ಚಿಮಣಿಯ ಗೂಡಿನಲ್ಲಿ ಪಣತಿ. ಮೇಲೆ ಒಂದು ಗೇಣು ಅಗಲದ ಕಟ್ಟೆ ಎಳೆದು, ಅದರ ಮೇಲೆ ಮನೆಯ ಹಿರಿಯರ ಚಿತ್ರಗಳನ್ನು ಒರಗಿಸಲು ಜಾಗ ಮಾಡಿದರು. ಸುತ್ತ ಬಿಳಿಯ ಮೇಲೆ ಬಿಳಿಯಾಗಿ ಉಬ್ಬಿ ನಿಂತ ಕುಸುಬೆಯ ಹೂಬಳ್ಳಿ. ಕೊನೆಗೆ ಹೊಳೆಯ ನುಣ್ಣನೆ ಕಲ್ಲಿನಿಂದ ತಿಕ್ಕಿ ತಿಕ್ಕಿ ಗೋಡೆಗೆ ಹೊಳಪು ತಂದರು. ಕೆಲಸ ಮುಗಿದ ದಿನ ಅವರಿಗೆ ಹೊಳೆದದ್ದು ಒಂದೇ ಮಾತು. ಈ ಒಲೆಗೆ ಹೊಗೆಯಿಲ್ಲ, ಈ ಹೂವು ಕಪ್ಪಾಗುವುದಿಲ್ಲ. ಜನ್ಮದಲ್ಲಿ ಮೊದಲ ಸಲ ತಾನು ಮಾಡಿದ ಒಂದು ಗೋಡೆ ಉಳಿಯುತ್ತದೆ ಎಂಬ ಹಿಗ್ಗು ಅದು. ಗಂಡನಿಗೆ ಹೇಳಿ ಹೇಳಿ ಅವರ ತಲೆ ತಿಂದದ್ದನ್ನು ಕಾಳವ್ವ ಈಗಲೂ ಒಪ್ಪಿಕೊಳ್ಳುತ್ತಾರೆ.

ವಾಸ್ತುಶಾಂತಿಯ ದಿನ ಅವರನ್ನೂ ಊಟಕ್ಕೆ ಕರೆದಿದ್ದರು. ಕಾಳವ್ವ ಅಂಗಳದಲ್ಲಿ ಊಟದ ಎಲೆ ಒರೆಸುತ್ತ ಕುಳಿತಿದ್ದಾಗ ಒಳಗೆ ಒಮ್ಮೆಲೇ ಗದ್ದಲವಾಯಿತು. ಆಗಿದ್ದಿಷ್ಟು. ಹಾಲು ಉಕ್ಕಿಸುವ ಮೊದಲು ಮುತ್ತೈದೆಯರು ಒಲೆಗೆ ಅರಿಶಿಣ ಕುಂಕುಮ ಹಚ್ಚಬೇಕಲ್ಲ. ಅಡುಗೆಮನೆಯಲ್ಲಿದ್ದದ್ದು ಗಾಜಿನ ಹಲಗೆಯ ಗ್ಯಾಸ್. ಪಡಸಾಲೆಗೆ ಬಂದರೆ ಗೋಡೆಯಲ್ಲಿ ಥೇಟ್ ಒಲೆ, ಗೂಡು ಸಮೇತ! ವೇದವ್ಯಾಸರ ತಾಯಿ ಸಖೂಬಾಯಿಯವರು ಕಲಸಿದ ಅರಿಶಿಣದಲ್ಲಿ ಕೈ ಅದ್ದಿ ಐದೂ ಬೆರಳನ್ನು ಗೋಡೆಗೆ ಎಳೆದರು. ಹಿಂದಿನಿಂದ ನಾದಿನಿ, ಬೀಗತಿ, ನೆರೆಮನೆಯವರು ಒಬ್ಬೊಬ್ಬರಾಗಿ ಎಳೆದರು. ಹಚ್ಚಿದ್ದು ಹಳದಿ. ನೋಡುತ್ತಿದ್ದಂತೆ ಗೋಡೆಯ ಮೇಲೆ ಮೂಡಿದ್ದು ಕಡುಗೆಂಪು.

ಯಾರೋ ರಕ್ತವೆಂದು ಕೂಗಿದರು. ಇನ್ನಾರೋ ದೇವಿ ಬಂದಳೆಂದು ಕೈಮುಗಿದರು. ಕಾಳವ್ವ ಎಲೆ ಬಿಟ್ಟು ಒಳಗೆ ಓಡಿಬಂದರು. ಕೊನೆಗೆ ಬೆರಳನ್ನು ಮೂಗಿಗೆ ಹಿಡಿದು ನೋಡಿದ ಸಖೂಬಾಯಿಯವರೇ ಗಟ್ಟಿಯಾಗಿ ನಕ್ಕುಬಿಟ್ಟರು. "ಆರತಿ ನೀರು ಹೆಂಗ ಕೆಂಪ ಆಗತದ್ರೇ? ಅರಿಶಿಣಕ್ಕ ಸುಣ್ಣ ಬಿದ್ರ ಆಗತದ. ಇಷ್ಟು ಮಂದಿ ಇದ್ದೀವಿ, ಒಬ್ಬರಿಗೂ ನೆನಪಾಗಲಿಲ್ಲ ನೋಡ್ರಿ!" ಎಂದರು. ಗೋಡೆಗೆ ಬಳಿದದ್ದು ಅಂಗಡಿಯ ಬಣ್ಣವೆಂದೇ ಎಲ್ಲರೂ ತಿಳಿದಿದ್ದರು. ಅದು ಇನ್ನೂ ಹಸಿ ಆರದ ಸುಣ್ಣವೆಂಬುದು ಗೊತ್ತಿದ್ದದ್ದು ಕಾಳವ್ವ ಒಬ್ಬರಿಗೇ. "ಗ್ವಾಡಿ ಹಸಿ ಐತಿ, ಮುಟ್ಟಬ್ಯಾಡ್ರಿ ಅಂತ ಹೇಳೂದ ಮರತಿದ್ನಿರಿ. ಹೂವಿನ ಖುಷಿಯೊಳಗ ನನ್ನ ಬುದ್ಧಿ ಎಲ್ಲಿತ್ತೋ ಏನೋ," ಎಂದು ಅವರು ಇವತ್ತಿಗೂ ಹಣೆ ಬಡಿದುಕೊಳ್ಳುತ್ತಾರೆ.

ನಗೆ ನಿಂತಿತು, ಕಲೆ ನಿಂತೇ ಇತ್ತು. ಮೃಣಾಲರ ಮುಖ ಸಣ್ಣದಾಯಿತು. ಮಂದಿಯೆಲ್ಲ ಹೋದ ಮೇಲೆ ಸಂಗುವನ್ನು ಕರೆದು, ಆ ಗೋಡೆಯ ಮೇಲೆ ಮಾರ್ಬಲ್ ಹಲಗೆ ಕೂಡಿಸಲು ಹೇಳಿದರು. ಸಂಗುವಿಗೂ ಅದು ಸರಿಯೆನಿಸಿತು. ಹೂವನ್ನು ಹೊಗೆ ತಿಂದಿದ್ದರೆ ಕಾಳವ್ವನಿಗೆ ಅಭ್ಯಾಸವಿತ್ತು. ಇದು ತನ್ನ ಮರೆವಿನಿಂದ ಹೋಗುತ್ತಿದೆ. "ಅಕ್ಕಾರ, ಒಂದ ದಿನ ಕೊಡ್ರಿ. ಆಗಲಿಲ್ಲಂದ್ರ ನಾನ ನಿಂತು ಕಲ್ಲ ಹಚ್ಚಸತೀನಿ," ಎಂದು ಕೇಳಿಕೊಂಡರು. ಮೃಣಾಲ ಹೂಂ ಎಂದರು.

ಮರುದಿನ ಮೃಣಾಲ ಕಾಲೇಜಿಗೆ ಹೊರಡುವ ಹೊತ್ತಿಗೆ ಕಾಳವ್ವ ಬಾಗಿಲಲ್ಲಿದ್ದರು. ಕೆಂಪು ಬಿದ್ದಲ್ಲಿ ಉಗುರಿನಷ್ಟು ಕೆರೆದು ನೋಡಿದರು. ಬಿಳಿ ಬಂತು, ಜೊತೆಗೆ ಕುಳಿಯೂ ಬಿತ್ತು. ಲಿಂಬೆಹುಳಿ ಹಚ್ಚಿದರೆ ಕೆಂಪು ಹೋಗಿ ಹಳದಿ ಉಳಿಯಿತು, ಹೊಳಪು ಸತ್ತಿತು. ಕೈಚೆಲ್ಲಿ ಕುಳಿತ ಕಾಳವ್ವನಿಗೆ ಸಖೂಬಾಯಿಯವರು ಚಹಾ ತಂದುಕೊಟ್ಟು ತಾವೂ ಎದುರು ಕುಳಿತರು. "ನಾ ಮಾಡಿದ್ದು ನೀನು ಅನುಭವಸಾಕತ್ತಿ ನೋಡವಾ," ಎಂದರು. ಕಾಳವ್ವ ಅವರ ಕೈಯನ್ನೇ ನೋಡುತ್ತಿದ್ದರಂತೆ. ಆಮೇಲೆ ಗೋಡೆಯ ಮೇಲಿನ ಗುರುತು ನೋಡಿದರು. ಐದು ಬೆರಳು ಮೇಲಕ್ಕೆ ಎಳೆದ ಕೆಂಪು ಗೆರೆ, ಬುಡದಲ್ಲಿ ಕೂಡಿಕೊಂಡಿದೆ. ಅದಕ್ಕೊಂದು ದೇಟು ಹಚ್ಚಿದರೆ ಕುಸುಬೆಯ ಹೂವೇ ಅಲ್ಲವೇ?

"ಬಾಯಾರ, ಅರಿಶಿಣ ಐತೇನ್ರಿ?" ಎಂದರು.

"ಮತ್ತ ಹಚ್ಚಬೇಕೇನು? ನನ್ನ ಸೊಸಿ ಇಬ್ಬರನ್ನೂ ಕೂಡೇ ಹೊರಗ ಹಾಕತಾಳ!" ಎಂದು ಸಖೂಬಾಯಿಯವರು ಅಂದರೂ ಡಬ್ಬಿ ತರಲು ಎದ್ದೇ ಬಿಟ್ಟಿದ್ದರು.

ಇಬ್ಬರೂ ಸೇರಿ ಸಂಜೆವರೆಗೆ ಕೆಲಸ ಮಾಡಿದರು. ಮುತ್ತೈದೆಯರ ಗುರುತುಗಳ ನಡುವಿನ ಜಾಗದಲ್ಲಿ ಸಖೂಬಾಯಿಯವರು ಬೆರಳೆಳೆದರು. ಕಾಳವ್ವ ಹುರಮಂಜಿನಲ್ಲಿ ದೇಟು, ಎಲೆ ಬರೆದು ಅವನ್ನೆಲ್ಲ ಒಂದೇ ಬಳ್ಳಿಗೆ ಕೂಡಿಸಿದರು. ಒಲೆಯ ಸುತ್ತ ಬಿಳಿಯ ಹೂವಿನ ಒಳಗಡೆ ಕೆಂಪು ಹೂವಿನದೊಂದು ಸಾಲು ಬಂತು. ಒಂದು ದೇಟು ಮಾತ್ರ ಹೂವಿಲ್ಲದೆ ಬರಿದಾಗಿ ಉಳಿಯಿತು.

ಕಾಲೇಜಿನಿಂದ ಬಂದ ಮೃಣಾಲ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಮೃಣಾಲ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೋಡಿ, ಕೊನೆಗೆ ಬೆರಳು ಮಾಡಿ ಕೇಳಿದರು.

"ಇದೊಂದು ಯಾಕ ಬಿಟ್ಟೀರಿ?"

"ನಿಮ್ಮ ಕೈ ಬಿದ್ದಿಲ್ಲಲ್ರಿ ಅಕ್ಕಾರ. ಮನಿ ನಿಮ್ಮದು."

ಪಾಪ, ಹಿಂದಿನ ದಿನ ಬಂದವರ ಉಪಚಾರದಲ್ಲಿ ಮುಳುಗಿದ್ದ ಮೃಣಾಲರನ್ನು ಒಲೆಯ ಹತ್ತಿರ ಯಾರೂ ಕರೆದೇ ಇರಲಿಲ್ಲ. ಅವರು ಬ್ಯಾಗನ್ನು ಕೆಳಗಿಟ್ಟು, ಅತ್ತೆ ಹಿಡಿದಿದ್ದ ಬಟ್ಟಲಲ್ಲಿ ಕೈ ಅದ್ದಿ ಬರಿದಾದ ದೇಟಿನ ಮೇಲೆ ಐದೂ ಬೆರಳನ್ನು ಎಳೆದರು. ಹಳದಿ ಕೆಂಪಾಗುವುದನ್ನು ಮೂವರೂ ನಿಂತು ನೋಡಿದರು. ಆಮೇಲೆ ಮೃಣಾಲ ಸಂಗುವಿಗೆ ಫೋನು ಮಾಡಿ ಕಲ್ಲು ತರುವುದು ಬೇಡವೆಂದು ಹೇಳಿದರು.

ಆ ಗೋಡೆ ನೋಡಿದವರೇ ಬಬಲೇಶ್ವರದ ಈ ಮನೆಗೆ ಕಾಳವ್ವನನ್ನು ಕರೆಸಿದ್ದಾರೆ. ಅರಿಶಿಣದ ಕೆಂಪು ನಿಲ್ಲುವಂಥದ್ದಲ್ಲ, ದಿನ ಕಳೆದಂತೆ ಮಾಸುತ್ತದೆ. ಹಬ್ಬ ಬಂದಾಗ ಅತ್ತೆ ಸೊಸೆ ಸುಣ್ಣದ ನೀರು ಸವರಿ ಮತ್ತೆ ಬೆರಳೆಳೆಯುತ್ತಾರಂತೆ. ಕಾಳವ್ವ ವಿಜಯಪುರಕ್ಕೆ ಹೋದಾಗಲೆಲ್ಲ ಏನಾದರೂ ನೆವ ಹೇಳಿ ಆ ಓಣಿಯಲ್ಲಿ ಹಾಯ್ದು ಬರುತ್ತಾರೆ. ಹೋದ ವಾರ ಶಿವಶರಣಪ್ಪನನ್ನೂ ಕರೆದೊಯ್ದು ತೋರಿಸಿದ್ದಾರೆ. ಅವರು ಏನಂದರು ಎಂದು ಕೇಳಿದರೆ, "ಅವರೇನಂತಾರ್ರಿ, ಕಟ್ಟಿಗಿಯಂಥ ಮನಷ್ಯಾ. ಒಂದ ಸಲ ಮುಟ್ಟಿ ನೋಡಿದ್ರು" ಎಂದು ಮುಖ ತಿರುಗಿಸಿ ನಗುತ್ತಾರೆ.

ಬಿಸಿಲು ಕಿಟಕಿಯ ಹತ್ತಿರ ಬಂದಿದೆ. ಕಾಳವ್ವ ಕೈ ತೊಳೆದು ಬುತ್ತಿ ಬಿಚ್ಚುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ರೊಟ್ಟಿ ಮುರಿಯುವ ಕೈ ನಿಲ್ಲುತ್ತದೆ. ಈ ಸಲದ ಚಳಿಗಾಲಕ್ಕೆ ಕರೆಂಟಿನದನ್ನು ತೆಗೆದು ನಿಜವಾದ ಕಟ್ಟಿಗೆ ಉರಿಸೋಣವೆಂದು ವೇದವ್ಯಾಸರು ಅನ್ನುತ್ತಿದ್ದಾರಂತೆ.

"ಒಲಿ ಹೂಡವ್ರ ಮಗಳು ಹಿಂಗ ಅನಬಾರದ್ರಿ," ಎಂದು ಕಾಳವ್ವ ದನಿ ತಗ್ಗಿಸುತ್ತಾರೆ, ಆ ಮನೆಯವರು ಇಲ್ಲೇ ಪಕ್ಕದಲ್ಲಿ ಇರುವವರಂತೆ. "ಆದ್ರ ದೇವರಿಗೆ ದಿನಾ ಅದನ್ನ ಕೇಳಾಕತ್ತೇನಿ. ಆ ಒಲಿ ಎಂದೂ ಹೊತ್ತದಂಗ ಇರಲಿ."