ಅಂಗಡಿ ಬಾಗಿಲಿನ ಮೂರು ಹಲಗೆ

ಮೊನ್ನೆ ನನ್ನ ಬ್ಯಾಟರಿ ಕುರ್ಚಿಯ ಚಕ್ರ ಪಂಚರ್ ಆಯಿತು. ಬೆರಳಿನಿಂದ ಒಂದು ಕಡ್ಡಿ ಒತ್ತಿದರೆ ಹೋಗುವ ಕುರ್ಚಿ ಅದು. ಫೋನಿನ ಹಾಗೆ ಅದಕ್ಕೂ ದಿನಾ ಚಾರ್ಜು ಬೇಕು, ಚಾರ್ಜು ಕಡಿಮೆಯಾದರೆ ಕೀಂ ಎಂದು ರಾಗ ಎಳೆಯುತ್ತದೆ. ಇಷ್ಟೆಲ್ಲ ಬುದ್ಧಿ ಇರುವ ಯಂತ್ರವನ್ನು ಕಲ್ಯಾಣದುರ್ಗದ ಒಂದು ಜಾಲಿಮುಳ್ಳು ಕೂರಿಸಿಬಿಟ್ಟಿತು. ಪಂಚರ್ ಹಾಕುವಾತ ಬೈಕಿನಲ್ಲಿ ಮನೆಗೇ ಬಂದು, ಜಗಲಿಯ ಮೇಲೆ ಟ್ಯೂಬ್ ಹರಡಿ, ಚೆನ್ನಾಗಿ ಉಜ್ಜಿ ಸೊಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಹಿಂದೂಪುರದ ನಮ್ಮ ಹಳೆಯ ಬೀದಿಗೆ ಓಡಿಹೋಯಿತು...

ಆ ಬೀದಿಯಲ್ಲಿ ನಮ್ಮ ಮನೆಯ ಎದುರಿಗೇ ಒಂದು ಸೈಕಲ್ ಶಾಪ್ ಇತ್ತು. ಇಟ್ಟುಕೊಂಡಿದ್ದವರು ರೊದ್ದಂ ಕಡೆಯವರು. ನಮಗೆ ನೆಂಟರೇನಲ್ಲ, ಆದರೂ ನಾನು ಮಾವ ಎಂದೇ ಕರೆಯುತ್ತಿದ್ದೆ. ಅವರಿಗೆ ಓದು ಬರುತ್ತಿರಲಿಲ್ಲ. ನನಗೆ ಮೂರನೇ ವಯಸ್ಸಿಗೇ ಪೋಲಿಯೋ ಬಡಿದು ಎರಡು ಕಾಲೂ ಹೋಗಿದ್ದವು, ಬಲಗೈಯೂ ಅರ್ಧ ಹೋಗಿತ್ತು. ಬಾಯಿ ಮಾತ್ರ ದೇವರು ಎರಡು ಪಾಲು ಕೊಟ್ಟಿದ್ದ. ಬೆಳಿಗ್ಗೆ ಅಮ್ಮ ನನ್ನನ್ನು ಎತ್ತಿಕೊಂಡು ಹೋಗಿ ಅವರ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಬರುತ್ತಿದ್ದಳು. ನಾನು ಪೇಪರ್ ಓದಬೇಕು, ಮಾವ ಚಕ್ರದ ಬೆಂಡು ತೆಗೆಯುತ್ತಾ ಕೇಳಬೇಕು. ಪೇಪರ್ ತೆಲುಗು, ಅದರ ಮೇಲಿನ ನಮ್ಮ ಜಗಳ ಕನ್ನಡ.

ಚುನಾವಣೆ ಬಂದರೆ ಎಲ್ಲ ಪಕ್ಷದವರೂ ಪ್ರಚಾರಕ್ಕೆ ಅವರ ಬಾಡಿಗೆ ಸೈಕಲ್ಲುಗಳನ್ನೇ ಒಯ್ಯುತ್ತಿದ್ದರು. ಬೆಳಿಗ್ಗೆ ಒಂದು ಬಾವುಟ ಕಟ್ಟಿಕೊಂಡು ಹೋದ ಸೈಕಲ್ಲಿಗೆ ಸಂಜೆ ಇನ್ನೊಂದು ಬಾವುಟ. ಮತ ಎಣಿಕೆ ಮುಗಿದ ಮೇಲೆ ಗೆದ್ದವರದೂ ಸೋತವರದೂ ಎಲ್ಲ ಬಾವುಟಗಳೂ ಮಾವನ ಅಂಗಡಿಯಲ್ಲಿ ಗ್ರೀಸು ಒರೆಸುವ ಬಟ್ಟೆಗಳಾಗುತ್ತಿದ್ದವು. ನೀವು ಯಾರ ಕಡೆ ಎಂದು ನಾನು ಪೀಡಿಸಿದರೆ ಅವರು ಬಾಯಿ ಬಿಡುತ್ತಿರಲಿಲ್ಲ. ಹೆಂಡತಿಗೂ ಹೇಳಿದವರಲ್ಲ. ಓಟಿನ ದಿನ ಮಾತ್ರ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಹೋಗುತ್ತಿದ್ದರು. ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಯಾಕೆ ಇಷ್ಟು ಶ್ರದ್ಧೆ ಎಂದು ಒಮ್ಮೆ ಕೇಳಿದ್ದೆ.

"ಅಲ್ಲಿ ಮುದ್ರೆ ಒತ್ತೋ ಆ ರಟ್ಟಿನ ಹಿಂದೆ ನಾನೊಬ್ನೇ ಇರ್ತೀನಿ ಕಣಮ್ಮ. ಆವಾಗ ನನ್ನ ಏನ್ಲಾ ಅನ್ನೋರು ಯಾರೂ ಇರಾಕಿಲ್ಲ" ಎಂದಿದ್ದರು.

ನನಗೆ ಇಪ್ಪತ್ತು ದಾಟಿದ ಮೇಲೆ ಸರ್ಕಾರದ ಮೂರು ಚಕ್ರದ ಗಾಡಿ ಬಂತು. ಅಜ್ಜಿಯ ಊರು ಕಲ್ಯಾಣದುರ್ಗ. ನಮ್ಮ ರೇಷನ್ ಕಾರ್ಡು ಅಲ್ಲೇ ಇದ್ದುದರಿಂದ ಗಾಡಿ ಹಂಚುವ ಸಮಾರಂಭಕ್ಕೆ ಅಲ್ಲಿಗೇ ಹೋಗಬೇಕಾಯಿತು. ಗಾಡಿಗಳು ಕೆಳಗೆ ನೆರಳಲ್ಲಿ ಸಾಲಾಗಿ ನಿಂತಿದ್ದವು, ನಡೆಯಲಾರದ ನಾವು ಬಿಸಿಲಲ್ಲಿ ಸಾಲಾಗಿ ಕೂತಿದ್ದೆವು. ಒಬ್ಬೊಬ್ಬರನ್ನೇ ಎತ್ತಿ, ಎಂಟು ಮೆಟ್ಟಿಲು ಹತ್ತಿಸಿ, ವೇದಿಕೆಯ ಮೇಲೆ ಹಾರ ಹಾಕಿ, ಫೋಟೋ ಹಿಡಿದು, ಮತ್ತೆ ಎತ್ತಿ ಕೆಳಗಿಳಿಸಿ ಗಾಡಿಯಲ್ಲಿ ಕೂರಿಸಿದರು. ಮೆಟ್ಟಿಲೇ ಇಲ್ಲದ ಜಾಗದಲ್ಲಿ ಕೊಟ್ಟಿದ್ದರೆ ಅದು ಸಮಾರಂಭ ಆಗುತ್ತಿರಲಿಲ್ಲವೇನೋ. ಬಸ್ಸಿನ ಟಾಪಿನ ಮೇಲೆ ಗಾಡಿ ಹಾಕಿಸಿಕೊಂಡು, ಹಾರವನ್ನು ಮಡಿಲಲ್ಲಿ ಇಟ್ಟುಕೊಂಡು ಅಮ್ಮ ಮತ್ತು ನಾನು ಹಿಂದೂಪುರಕ್ಕೆ ಬಂದೆವು.

ಮನೆಗೆ ಬಂದ ಮೇಲೆ ಗೊತ್ತಾಯಿತು, ಗಾಡಿಯ ಕೈಪೆಡಲು ಇರುವುದು ಬಲಗಡೆಗೆ. ನನ್ನ ಬಲಗೈ ಒಂದು ಲೋಟ ಎತ್ತಬೇಕಾದರೂ ಎಡಗೈಯನ್ನು ಕರೆಯುತ್ತಿತ್ತು. ನಾನು ಅತ್ತುಬಿಟ್ಟೆ. ಅಮ್ಮನ ಸೊಂಟದ ನೋವು ನನಗೆ ಗೊತ್ತಿತ್ತು. ಇನ್ನು ಅವಳ ಮೇಲೆ ಭಾರವಾಗುವುದಿಲ್ಲ ಎಂದು ಬಸ್ಸಿನಲ್ಲಿ ಅವಳಿಗೆ ಮಾತು ಕೊಟ್ಟಿದ್ದೆ.

ಮಾವ ಗಾಡಿಯನ್ನು ಒಂದು ಸುತ್ತು ನೋಡಿ ಅಂಗಡಿಗೆ ಎಳೆದುಕೊಂಡು ಹೋದರು. ಸರ್ಕಾರದ ಗಾಡಿ, ಬದಲಾಯಿಸುವುದಿಲ್ಲ ಎಂದು ರುಜು ಹಾಕಿದ್ದೇವೆ ಎಂದು ಅಮ್ಮ ಹೆದರಿದಳು. ಕೇಳುವವರು ಬಂದರೆ ತಮ್ಮ ಹತ್ತಿರ ಕಳಿಸು ಎಂದರು ಮಾವ. ಎರಡು ದಿನ ಕೂತು ಪೆಡಲು, ಚೈನು, ಚಕ್ರ ಎಲ್ಲವನ್ನೂ ಬಲದಿಂದ ಎಡಕ್ಕೆ ದಾಟಿಸಿದರು. ಬೀದಿಯವರೆಲ್ಲ ಸೇರಿದ್ದರು. ನಾನು ಎಡಗೈಯಲ್ಲಿ ಪೆಡಲನ್ನು ಮುಂದಕ್ಕೆ ತಿರುಗಿಸಿದೆ. ಕಿರಕಿರ ಎಂದು ಸದ್ದಾಯಿತು, ಗಾಡಿ ಅಲುಗಲಿಲ್ಲ. ಹಿಂದಕ್ಕೆ ತಿರುಗಿಸಿದೆ. ಗಾಡಿ ಸರಾಗವಾಗಿ ಹಿಂದಕ್ಕೆ ಹೊರಟು ಚರಂಡಿಯ ಅಂಚಿಗೆ ಹೋಗಿ ನಿಂತಿತು. "ಇದೇಂದಿ, ವೆನಕ್ಕಿ ಪೋತಾ ಉಂದೇ" ಎಂದು ಯಾರೋ ತೆಲುಗಿನಲ್ಲಿ ನಕ್ಕರು, ಇದೇನು ಹಿಂದಕ್ಕೆ ಹೋಗುತ್ತಿದೆಯಲ್ಲ ಎಂದು. ಹಿಂದಕ್ಕೆ ಹೋಗುವುದೊಂದೇ ಬರುವ ಗಾಡಿ ಇಡೀ ಜಿಲ್ಲೆಯಲ್ಲಿ ನನ್ನದೊಂದೇ ಇದ್ದಿರಬೇಕು.

ಚೈನು ಕೂರುವ ಆ ಹಲ್ಲಿನ ಬಿಲ್ಲೆ, ಅದಕ್ಕೆ ಫ್ರೀವೀಲು ಎನ್ನುತ್ತಾರೆ, ಒಂದೇ ದಿಕ್ಕಿಗೆ ಕಚ್ಚುತ್ತದೆ. ಬಲದಿಂದ ಎಡಕ್ಕೆ ಹಾಕಿದರೆ ಅದರ ದಿಕ್ಕೂ ತಿರುಗುತ್ತದೆ. ಇಷ್ಟು ವರ್ಷ ಸೈಕಲ್ ಬಿಚ್ಚಿದ ಮಾವನಿಗೆ ಅದು ಹೊಳೆದಿರಲಿಲ್ಲ. ನಾಚಿಕೊಂಡು ತಲೆ ಕೆರೆದುಕೊಂಡರು. ಮರುದಿನ ಬಿಲ್ಲೆಯನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಯಾವ ಕಡೆಗೂ ಜಾರದಂತೆ ಬೆಸೆಸಿಕೊಂಡು ಬಂದರು. ಈಗ ಮುಂದಕ್ಕೆ ತಿರುಗಿಸಿದರೆ ಮುಂದಕ್ಕೆ, ಹಿಂದಕ್ಕೆ ತಿರುಗಿಸಿದರೆ ಹಿಂದಕ್ಕೆ. ಸರ್ಕಾರ ಕೊಟ್ಟ ಬೇರೆ ಯಾವ ಗಾಡಿಗೂ ಇಲ್ಲದ ರಿವರ್ಸು ನನ್ನ ಗಾಡಿಗೆ ಬಂದಿತ್ತು. ಇಳಿಜಾರಿನಲ್ಲಿ ಪೆಡಲು ತಾನೇ ಗಿರಗಿರ ತಿರುಗಿ ಕೈಗೆ ಹೊಡೆಯುತ್ತಿತ್ತು ಅನ್ನುವುದು ಬೇರೆ ಮಾತು. ನಾನು ಆ ಪೆಟ್ಟುಗಳನ್ನು ಸಂತೋಷವಾಗಿ ತಿಂದೆ.

ಆಗ ಓಟಿಗೆ ಇಪ್ಪತ್ತೊಂದು ತುಂಬಬೇಕಿತ್ತು. ನನಗೆ ತುಂಬಿದ ಮೇಲೆ ಬಂದ ಮೊದಲ ಚುನಾವಣೆಗೆ ಒಂದು ಪಕ್ಷದ ಮುಖಂಡರು ಮನೆಗೆ ಬಂದರು. ಜೀಪು ಕಳಿಸುತ್ತೇವೆ, ನಮ್ಮ ಹುಡುಗರು ಎತ್ತಿಕೊಂಡು ಹೋಗಿ ಎತ್ತಿಕೊಂಡು ಬರುತ್ತಾರೆ ಎಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ನಾನು ಅದನ್ನು ಹೇಳಿದಾಗ ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಎತ್ಕಂಡು ಹೋಗೋರು ಬಾಗ್ಲಲ್ಲಿ ಇಳಿಸ್ಬುಟ್ಟು ಬರಾಕಿಲ್ಲ ಕಣಮ್ಮ. ಕೈಲಾಗ್ದೋಳು ಅಂತ ಹೇಳಿ ನಿನ್ನ ಮುದ್ರೇನೂ ಅವ್ರೇ ಒತ್ತಾರೆ. ನೀನು ಗಾಡೀಲಿ ನಡಿ, ನಾನು ಬತ್ತೀನಿ."

ಮತಗಟ್ಟೆ ಇದ್ದುದು ನಾಲ್ಕು ಬೀದಿ ಆಚೆಯ ಶಾಲೆಯಲ್ಲಿ. ಅಲ್ಲಿ ಮೂರು ಎತ್ತರದ ಮೆಟ್ಟಿಲು. ಮಾವ ಬೆಳಿಗ್ಗೆಯೇ ಒಗೆದ ಪಂಚೆ ಉಟ್ಟು, ತಮ್ಮ ಅಂಗಡಿಯ ಬಾಗಿಲಿನ ಹಲಗೆಗಳಲ್ಲಿ ಮೂರನ್ನು ಕಿತ್ತು ಸೈಕಲ್ಲಿಗೆ ಕಟ್ಟಿದರು. ಆಗಿನ ಅಂಗಡಿಗಳಿಗೆ ಶಟರ್ ಇರಲಿಲ್ಲ, ಒಂದರ ಪಕ್ಕ ಒಂದು ಜೋಡಿಸುವ ನಂಬರ್ ಹಾಕಿದ ಹಲಗೆಗಳೇ ಬಾಗಿಲು. ಅರ್ಧ ಬಾಗಿಲು ಹೋದ ಅಂಗಡಿಯನ್ನು ಕಾಯಲು ಅವರ ಹೆಂಡತಿ ಹೊಸ್ತಿಲ ಮೇಲೆ ಕೂತರು. ನನ್ನ ಗಾಡಿಯ ಮೂರು ಚಕ್ರಕ್ಕೆ ಮೂರು ಹಲಗೆ. ಮೆಟ್ಟಿಲ ಮೇಲೆ ಅವನ್ನು ಹಾಸಿ, ಹಿಂದಿನಿಂದ ತಳ್ಳಿ ನನ್ನನ್ನು ಜಗಲಿಗೆ ಏರಿಸಿದರು.

ಹೆಂಗಸರ ಸಾಲು ಉದ್ದವಿತ್ತು. ನನ್ನನ್ನು ನೋಡಿ ಎಲ್ಲರೂ ಮುಂದೆ ಹೋಗು ಎಂದು ದಾರಿ ಬಿಟ್ಟರು. ನಾನು ಹೋಗಲಿಲ್ಲ. ಎಲ್ಲರ ಹಾಗೆ ನಾನೂ ಸಾಲಿನಲ್ಲೇ ನಿಲ್ಲುತ್ತೇನೆ ಎಂದೆ, ಕೂತುಕೊಂಡೇ. ಚಿಕ್ಕಂದಿನಿಂದ ಕರುಣೆಯಲ್ಲೇ ಮುಂದಕ್ಕೆ ಹೋಗುತ್ತಿದ್ದವಳಿಗೆ ಅವತ್ತು ಸಾಲು ಬೇಕಿತ್ತು. "ಬಿಟ್ರೆ ಹೋಗಮ್ಮ" ಎಂದು ಮಾವ ಒಂದು ಸಲ ಮೆಲ್ಲಗೆ ಅಂದರು. ನಾನು ತಲೆ ಅಲ್ಲಾಡಿಸಿದೆ. ಅವರು ಬಿಸಿಲ ಕಡೆ ನೋಡಿ ಹಲಗೆಗಳ ಪಕ್ಕ ಕೂತರು. ನಾನು ಇಳಿಯುವುದಕ್ಕೂ ಆ ಹಲಗೆಗಳೇ ಬೇಕು, ಅವರ ಕೈಯೇ ಬೇಕು. ಅವರ ಮನೆ ರೈಲ್ವೆ ಗೇಟಿನ ಆಚೆ, ಓಟಿನ ಪಟ್ಟಿಯಲ್ಲಿ ಅವರ ಹೆಸರು ಇದ್ದುದೂ ಅಲ್ಲಿನ ಬೂತಿನಲ್ಲಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಲಿಲ್ಲ...

ಒಳಗೆ ಹೋದಾಗ ಪಕ್ಷದ ಏಜೆಂಟೊಬ್ಬ ಎದ್ದು ನಿಂತು, ಪಾಪ, ಇವರದನ್ನು ನಾನು ಒತ್ತಿಕೊಡುತ್ತೇನೆ ಎಂದ. ನಾನೇ ಒತ್ತುತ್ತೇನೆ ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಅಧಿಕಾರಿ ಅವನನ್ನು ಕೂರಿಸಿದರು. ರಟ್ಟಿನ ಹಿಂದೆ ಎಡಗೈಯಲ್ಲಿ ಮುದ್ರೆ ಹಿಡಿದು ಒತ್ತಿದೆ. ನನ್ನ ಜನ್ಮದಲ್ಲಿ ಯಾರೂ ನೋಡದೆ, ಯಾರೂ ಹಿಡಿಯದೆ ನಾನು ಮಾಡಿದ ಮೊದಲ ಕೆಲಸ ಅದು. ಆ ಸಣ್ಣ ಕೋಣೆಯಲ್ಲಿ ಗಾಡಿ ತಿರುಗಿಸಲು ಜಾಗ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತಿರುಗಿಸಿಕೊಂಡು ರಿವರ್ಸಿನಲ್ಲಿ ಬಾಗಿಲು ದಾಟಿ ಹೊರಗೆ ಬಂದೆ. ಮಾವನ ಮುಖ ಅರಳಿತ್ತು.

ಅಷ್ಟು ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಹಲಗೆಗಳನ್ನು ಅಂಗಡಿಗೆ ತಂದಿಟ್ಟವರೇ ಮಾವ ಸೈಕಲ್ ಹತ್ತಿ ಗೇಟಿನ ಕಡೆ ಹೋದರು. ಸಂಜೆ ನಾನು ಗಾಡಿ ಓಡಿಸಿಕೊಂಡು ಅಂಗಡಿಗೆ ಹೋದಾಗ ಯಾವುದೋ ಚೈನು ಬಿಚ್ಚಿಕೊಂಡು ಕೂತಿದ್ದರು. ಬೆರಳಿನ ಶಾಯಿ ತೋರಿಸಿ, ನಿಮ್ಮದು ತೋರಿಸಿ ಮಾವ ಎಂದೆ. ಅವರು ಎರಡೂ ಕೈ ಎತ್ತಿ ಹಿಡಿದರು. ಹತ್ತು ಬೆರಳೂ ಗ್ರೀಸಿನಿಂದ ಕಪ್ಪಗಿದ್ದವು.

"ಇದ್ರಾಗೆ ಯಾವ ಮಸಿ ಅಂತ ಹುಡುಕ್ತೀಯಾ, ಹುಡುಕು" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ನಾನು ಕಲ್ಯಾಣದುರ್ಗಕ್ಕೆ ಬಂದು, ಅಂಗವಿಕಲರಿಗೆ ಕೊಡುತ್ತಿದ್ದ ಟೆಲಿಫೋನ್ ಬೂತ್ ಹಾಕಿಕೊಂಡು, ಊರಿನವರ ಸುಖದುಃಖಗಳನ್ನು ಗಾಜಿನ ಹೊರಗೆ ಕೂತು ಕೇಳುತ್ತಾ ವರ್ಷಗಳನ್ನು ಕಳೆದೆ. ಎಲ್ಲರೂ ಮೋಟಾರ್ ಗಾಡಿ ಹಿಡಿದು ಬಾಡಿಗೆ ಸೈಕಲ್ ಕೇಳುವವರಿಲ್ಲದಂತಾದ ಕಾಲದಲ್ಲಿ ಮಾವ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದಾಗ ತಿಥಿಯೂ ಆಗಿಹೋಗಿತ್ತು. ಹೋಗಿ ಅವರ ಹೆಂಡತಿಯನ್ನು ಕಂಡೆ. ಹಿತ್ತಲಿನ ಗೋಡೆಗೆ ಆ ಹಲಗೆಗಳನ್ನು ಒರಗಿಸಿದ್ದರು. ಮಾವನಿಂದಲೇ ನಾನು ಮೊದಲ ಓಟು ಹಾಕಿದ್ದು ಅತ್ತೆ, ಎಂದು ನಾನು ಹಳೆಯದನ್ನು ತೆಗೆದೆ. ಅವರು ಸೆರಗಿನಿಂದ ಒಂದು ಹಲಗೆಯ ಧೂಳು ಒರೆಸಿದರು.

"ನಿಂಗೆ ಹೇಳ್ಬ್ಯಾಡ ಅಂದಿದ್ರು ಕಣಮ್ಮ. ಅವತ್ತು ಅವ್ರು ಹೋಗೋವಷ್ಟ್ರಾಗೆ ಅವ್ರ ಹೆಸ್ರಲ್ಲಿ ಯಾರೋ ಓಟು ಒತ್ಬುಟ್ಟು ಹೋಗಿದ್ರು. ಬಂದು ಉಣ್ಣಲಿಲ್ಲ. ನೀನು ಬೆಳ್ಳು ತೋರ್ಸಾಕೆ ಬತ್ತೀಯ ಅಂತ ಗೊತ್ತಿತ್ತು, ಅದಕ್ಕೇ ಆ ಚೈನು ಬಿಚ್ಕಂಡು ಕುಂತ್ರು."

ಬಸ್ಸಿನಲ್ಲಿ ಬರುತ್ತಾ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಸಾಲು ಬಿಟ್ಟು ಮುಂದೆ ಹೋಗಿದ್ದರೆ ಆಗುತ್ತಿತ್ತು. ನನ್ನ ಜಂಬಕ್ಕೆ ಅವರ ಓಟು ಹೋಯಿತು. ಯಾರೂ ಏನ್ಲಾ ಅನ್ನದ ಆ ಒಂದು ಗಳಿಗೆಯನ್ನು ಅವರು ನನಗೋಸ್ಕರ ಬಿಟ್ಟುಕೊಟ್ಟಿದ್ದರು, ಅದೂ ನನಗೆ ಗೊತ್ತಾಗದ ಹಾಗೆ.

ಈಗ ಎಷ್ಟೋ ಅನುಕೂಲ. ನಡೆಯಲಾಗದವರ ಮನೆಗೇ ಅಧಿಕಾರಿಗಳು ಬಂದು ಓಟು ಹಾಕಿಸಿಕೊಂಡು ಹೋಗುತ್ತಾರೆ. ಕಳೆದ ಸಲ ನನ್ನನ್ನೂ ಕೇಳಿದರು, ಬೇಡ ಎಂದೆ. ಬೂತಿಗೆ ಹೋದೆ. ಸಿಮೆಂಟಿನ ಇಳಿಜಾರು ಕಟ್ಟಿದ್ದರು, ಮೇಲೆ ತಲುಪಿದರೆ ಬಾಗಿಲಲ್ಲಿ ಗೇಣೆತ್ತರದ ಹೊಸ್ತಿಲು ಹಾಗೇ ಇತ್ತು. ಇಬ್ಬರು ಪೊಲೀಸರು ನನ್ನನ್ನು ಒಂದು ಮಾತೂ ಕೇಳದೆ ಕುರ್ಚಿಸಮೇತ ಎತ್ತಿ ಒಳಗಿಟ್ಟರು. ಸಾಲಿನಲ್ಲಿ ಮುಂದೆ ಬಿಟ್ಟರು. ಈ ಸಲ ಬೇಡ ಎನ್ನಲಿಲ್ಲ.

ಪಂಚರ್ ಹಾಕಿದಾತ ಗಾಳಿ ತುಂಬಿ, ಚಕ್ರ ತಿರುಗಿಸಿ ನೋಡಿ, ಕೈ ಒರೆಸಿಕೊಳ್ಳಲು ಬಟ್ಟೆ ಕೇಳಿದ. ಕೊಟ್ಟೆ. ಅವನು ಹೋದ ಮೇಲೂ ಜಗಲಿಯ ಮೇಲೆ ಸೊಲ್ಯೂಷನ್ ವಾಸನೆ ಇತ್ತು, ನಾನು ಅಲ್ಲೇ ಕೂತಿದ್ದೆ. ನನ್ನ ಮೊದಲ ಓಟು ಯಾರಿಗೆ ಹಾಕಿದೆ ಎಂದು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಲಿಲ್ಲ. ಮಾವ ಒಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ... ಅವರು ಕೇಳುವವರಲ್ಲ.