ಅಮ್ಮಿಯ ಕೋಣೆ ಯಾವ ದಿಕ್ಕಿಗಿತ್ತು

ಆಗಸ್ಟ್ 17, ಭಾನುವಾರ, ಬೆಳಿಗ್ಗೆ ಏಳೂವರೆ. ಬಳ್ಳಾರಿಯ ನನ್ನ ಬಾಡಿಗೆ ಕೋಣೆ. ನಾನು ಕಲಿಸುವ ಕುರುಗೋಡಿನ ಕಂಪ್ಯೂಟರ್ ಸೆಂಟರಿಗೆ ಇಂದು ರಜೆ. ಸಂಜೆಯವರೆಗೂ ಮಾತಾಡಲು ಯಾರೂ ಇರುವುದಿಲ್ಲ. ನಿನ್ನೆ ಸಿರುಗುಪ್ಪದ ಅಕ್ಕನ ಮನೆಯಲ್ಲಿ ಆದದ್ದನ್ನು ನನ್ನ ಬ್ಲಾಗಿನಲ್ಲಿ ಬರೆದಿಡುತ್ತಿದ್ದೇನೆ.

ಅಮ್ಮಿ ತೀರಿಕೊಂಡ ಮೇಲೆ, ಬಳ್ಳಾರಿಯ ಓಣಿಯೊಂದರ ಕೊನೆಗೆ ಓರೆಯಾಗಿ ಕಟ್ಟಿದ್ದ ನಮ್ಮ ಬಾಡಿಗೆ ಮನೆ ಬಿಡಬೇಕಾಯಿತು. ಸಾಮಾನು ಕಟ್ಟುವ ಮೊದಲು ಅವಳ ಕೋಣೆಯ ನಡುವೆ ನಿಂತು, ಫೋನನ್ನು ಸುತ್ತಲೂ ತಿರುಗಿಸಿ ಒಂದು ಪನೋರಮಾ ತೆಗೆದೆ. ಅವಳು ನಮಾಜಿಗೆ ಹಾಸುತ್ತಿದ್ದ ಜಾನಮಾಜ್ ನೆಲದ ಮೇಲೆ ಹಾಗೇ ಇತ್ತು, ಒಂದು ಮೂಲೆ ಮಡಚಿಕೊಂಡು. ಅದನ್ನು ಸುತ್ತಿಡಲು ನನಗೂ ಅಕ್ಕನಿಗೂ ಮನಸ್ಸಾಗಿರಲಿಲ್ಲ. ಈಗ ಆ ಮನೆ ಇಲ್ಲ. ಮಾಲೀಕರು ಕೆಡವಿ ಮಳಿಗೆ ಕಟ್ಟಿಸಿದ್ದಾರೆ.

ಅಕ್ಕನಿಗೆ ಕಳಿಸಿದಾಗಲೆಲ್ಲ ಚಿತ್ರ ಬರಿಯ ಉದ್ದನೆಯ ಪಟ್ಟಿಯಾಗಿ ಕಾಣುತ್ತಿತ್ತು. ಇಂಥ ಫೈಲಿನೊಳಗೆ ಎಕ್ಸ್‌ಎಮ್‌ಎಲ್‌ನಲ್ಲಿ, ಅಂದರೆ ಹೆಸರಿನ ಚೀಟಿಯಂಥ ಟ್ಯಾಗುಗಳಲ್ಲಿ, ಬರೆದ ಸಣ್ಣ ವಿವರ ಇರುತ್ತದೆ: ನೋಡುವವರ ಸುತ್ತಲಿನ ಪೂರ್ತಿ ಗೋಳದ ಅಳತೆ, ಅದರಲ್ಲಿ ಸೆರೆಯಾದ ಭಾಗ, ಚಿತ್ರದ ನಡುಭಾಗ ಯಾವ ದಿಕ್ಕಿಗಿದೆ ಎಂಬುದು. ಕಳಿಸುವಾಗ ಅದು ಕಳೆದುಹೋಗುತ್ತಿತ್ತು. ಮೂಲ ಫೈಲನ್ನೇ ಓದುವ ಪ್ರೋಗ್ರಾಂ ಬರೆದೆ. ಮೊದಲ ಸಲ ಏನೂ ಸಿಗಲಿಲ್ಲ. ನಾನು ಒಂದೇ ಟ್ಯಾಗಿನೊಳಗೆ ಸಾಲಾಗಿ ಬರೆಯುವ ವಿವರಗಳನ್ನು, ಆಟ್ರಿಬ್ಯೂಟ್‌ಗಳನ್ನು, ಹುಡುಕುತ್ತಿದ್ದೆ. ಫೋನಿನ ಆ್ಯಪು ಪ್ರತಿ ವಿವರಕ್ಕೂ ಒಂದೊಂದು ಟ್ಯಾಗು ಮಾಡಿತ್ತು. ಎರಡೂ ಸರಿಯೇ, ಓದುವವರು ಎರಡನ್ನೂ ನೋಡಬೇಕು. ತಿದ್ದಿದ ಮೇಲೆ ಫೋನಿನಲ್ಲಿ ಕೋಣೆ ಸುತ್ತಲೂ ತೆರೆದುಕೊಂಡಿತು.

ನಿನ್ನೆ ಅಕ್ಕ ಫೋನ್ ಹಿಡಿದು ತನ್ನ ಪಡಸಾಲೆಯಲ್ಲಿ ನಿಂತಳು. ಅವಳು ಯಾವ ದಿಕ್ಕಿಗೆ ತಿರುಗಿದರೆ ಕೋಣೆಯ ಆ ದಿಕ್ಕೇ ಕಾಣಬೇಕು. ಕಪಾಟು, ಗಡಿಯಾರ, ಕಿಟಕಿ ನೋಡುತ್ತ ಮೆಲ್ಲಗೆ ತಿರುಗಿದಳು. ಜಾನಮಾಜ್ ಬಂದಾಗ ನಿಂತಳು.

“ಲೇ, ಅಮ್ಮೀನ ತೆಕ್ಕಲಕೋಟಿ ಕಡಿ ನಮಾಜ್ ಮಾಡಾಕ ಹಚ್ಚೀಯಲ್ಲೋ.”

ತೆಕ್ಕಲಕೋಟೆ ಇರುವುದು ಸಿರುಗುಪ್ಪದ ದಕ್ಷಿಣಕ್ಕೆ, ನಮಾಜಿಗೆ ತಿರುಗುವುದು ಪಶ್ಚಿಮಕ್ಕೆ; ನಾನೂ ನಕ್ಕೆ. ಅವಳು ಫೋನನ್ನು ನನ್ನ ಕೈಗಿಟ್ಟಳು.

“ಇದು ಅಮ್ಮಿ ಕ್ವಾಣಿ ಅಲ್ಲ ಬಿಡು.”

ಚಹಾ ಇಡಲು ಒಳಗೆ ಹೋದಳು.

ದಿಕ್ಕಿನ ವಿವರ ಮಾತ್ರ ಈ ಫೈಲಿನಲ್ಲಿ ಇರಲೇ ಇಲ್ಲ. ಇಲ್ಲದ್ದನ್ನು ನನ್ನ ಪ್ರೋಗ್ರಾಂ ಸೊನ್ನೆ ಎಂದು ಓದಿತ್ತು, ಸೊನ್ನೆಯೆಂದರೆ ಉತ್ತರ ದಿಕ್ಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬಿಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು, ಜಾನಮಾಜಿನಿಂದಲೇ ದಿಕ್ಕು ಹಿಡಿಯಬಹುದು. ಅದು ಚಿತ್ರದ ನಡುಭಾಗಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗಿದೆ; ನೇರ ಪಶ್ಚಿಮಕ್ಕಿದ್ದರೆ ನಡುಭಾಗ ಪೂರ್ವ, ಅಂದರೆ 90 ಡಿಗ್ರಿ. ಆದರೆ ಬಳ್ಳಾರಿಯಿಂದ ಕಿಬ್ಲಾ, ಅಂದರೆ ಮೆಕ್ಕಾದ ಕಾಬಾದ ದಿಕ್ಕು, ಪಶ್ಚಿಮಕ್ಕಿಂತ ಸುಮಾರು ಹದಿನಾರು ಡಿಗ್ರಿ ಉತ್ತರಕ್ಕಿದೆ; ಹಾಗಾದರೆ 106. ಮನೆಯೇ ಓರೆಯಾಗಿದ್ದರಿಂದ ಗೋಡೆ ನೋಡಿ ದಿಕ್ಕು ತಿಳಿಯದು, ಚಿತ್ರದಲ್ಲಿ ಜಾನಮಾಜ್ ಆ ಗೋಡೆಗೂ ತುಸು ಓರೆಯಾಗಿದೆ. ಅಮ್ಮಿ ತಿಳಿದೇ ಹಾಗೆ ಹಾಸಿದ್ದಳೋ, ಏಳುವಾಗ ಮೊಣಕಾಲು ತಾಗಿ ಸರಿದಿತ್ತೋ? ಅಷ್ಟು ವರ್ಷ ಅದೇ ಕೋಣೆಯಲ್ಲಿ ಅವಳ ಹಿಂದೆ ಕೂತಿದ್ದವನು ನಾನು, ನೆನಪಾಗುತ್ತಿಲ್ಲ. ಈಗಷ್ಟೇ ಫೋನ್ ಮಾಡಿ ಕೇಳಿದರೆ ಅಕ್ಕನಿಗೂ ನೆನಪಿಲ್ಲ.

ಊಹೆಯನ್ನು ದಿಕ್ಕಿನ ಟ್ಯಾಗಿನಲ್ಲೇ ಬರೆದರೆ ಮುಂದೆ ಓದುವ ಪ್ರೋಗ್ರಾಂ ಅದನ್ನು ಅಳೆದದ್ದೆಂದೇ ನಂಬುತ್ತದೆ. ಸದ್ಯ ಆ ಟ್ಯಾಗು ಸೇರಿಸಿಲ್ಲ. ನನ್ನದೇ ಬೇರೊಂದು ಟ್ಯಾಗಿನಲ್ಲಿ ಎರಡೂ ಅಂಕಿ ಬರೆದು, ‘ಜಾನಮಾಜ್ ನೋಡಿ ಊಹಿಸಿದ್ದು’ ಎಂದು ಸೇರಿಸಿದ್ದೇನೆ. ಇದಕ್ಕೆ ಒಪ್ಪಿತ ಕ್ರಮವಿದ್ದರೆ ಬಲ್ಲವರು ಬರೆದು ತಿಳಿಸಿ. ಅಮ್ಮಿಯ ಪಕ್ಕದಲ್ಲಿ ಆ ಕೋಣೆಯಲ್ಲಿ ನಮಾಜ್ ಮಾಡಿದ ಓಣಿಯ ಹೆಂಗಸರು ಯಾರಾದರೂ ಇದನ್ನು ಓದಿದರೆ, ಅವಳು ಹೇಗೆ ಹಾಸುತ್ತಿದ್ದಳೆಂದು ನನಗೊಂದು ಸಾಲು ಬರೆಯಿರಿ.