ಪಂಪಿನ ಕಾಕಾ ಮತ್ತು ಎರಡು ಬಾಗಿಲಿನ ಗಾಡಿ

ಹೋದ ತಿಂಗಳು ಪಕ್ಕದ ಮನೆಯ ಕಾಕಿ ನನ್ನ ಕೈಗೆ ಒಂದು ಟವೆಲಿನ ಗಂಟು ಕೊಟ್ಟರು. ಬಿಚ್ಚಿದರೆ ಸ್ಕ್ರೂಡ್ರೈವರ್. ಮೊಳಕ್ಕೆ ಎರಡು ಬೆರಳು ಕಡಿಮೆ ಉದ್ದ, ಕಟ್ಟಿಗೆಯ ಹಿಡಿ. ಹಿಡಿಯ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು, ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಮೂರು. ಟವೆಲನ್ನು ಎಷ್ಟು ಸಲ ಒಗೆದಿದ್ದರೋ, ಡೀಸೆಲ್ ವಾಸನೆ ಮಾತ್ರ ಹೋಗಿರಲಿಲ್ಲ. ಆ ವಾಸನೆ ಮೂಗಿಗೆ ಬಂದ ಕೂಡಲೇ ನನ್ನ ಬಲಗೈ ಪಕ್ಕದಲ್ಲಿ ಏನನ್ನೋ ತಡಕಿತು. ನಾನು ಅವರ ಪಡಸಾಲೆಯಲ್ಲಿ ನಿಂತಿದ್ದೆ, ಅಲ್ಲಿ ಹಿಡಿಯುವಂಥದ್ದೇನೂ ಇರಲಿಲ್ಲ. ಕೈ ಹುಡುಕಿದ್ದು ಕಾರಿನ ಬಾಗಿಲಿನ ಹಿಡಿಕೆಯನ್ನು...

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಕುಷ್ಟಗಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಡೀಸೆಲ್ ಎಂಜಿನ್ನಿಗೆ ಎಣ್ಣೆ ಊಡುವ ಪಂಪು ಬಿಚ್ಚಿ ಸರಿಮಾಡುವುದು ಅವರ ಕಸುಬು. ಕೊಪ್ಪಳ ರಸ್ತೆಯಲ್ಲಿ ತಗಡಿನ ಅಂಗಡಿ. ಟ್ರ್ಯಾಕ್ಟರು, ಬೋರ್‌ವೆಲ್ ಲಾರಿ, ಜೀಪು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಹರೆಯದಲ್ಲಿ ಗಂಗಾವತಿಯ ಅಕ್ಕಿ ಗಿರಣಿಯ ಎಂಜಿನ್ ಕೋಣೆಯಲ್ಲಿ ದುಡಿದು ಕಿವಿ ಹೋಗಿತ್ತು. ಅವರೊಡನೆ ಮಾತಾಡುವವರು ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಬೇಕಿತ್ತು. ಎಂಜಿನ್ ಪರೀಕ್ಷೆಗೆ ಬೇರೆ ಮಿಸ್ತ್ರಿಗಳು ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿದರೆ, ಇವರು ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಅದರ ಮೊನೆಯನ್ನು ಎಂಜಿನ್ನಿಗೆ ಮುಟ್ಟಿಸುತ್ತಿದ್ದರು. ಅದರುವುದು ಹಲ್ಲಿನಿಂದ ತಲೆಗೆ ಏರುತ್ತಿತ್ತಂತೆ. ಯಾರಾದರೂ ನಕ್ಕರೆ, "ಕಿವಿಗೆ ಹೊಗಳಿಕಿನೂ ಕೇಳಸ್ತೈತಿ. ಹಲ್ಲಿಗೆ ಅದೆಲ್ಲಾ ತಿಳಿಯಂಗಿಲ್ಲ," ಎನ್ನುತ್ತಿದ್ದರು.

ನಾನು ಆಗ ಯಲಬುರ್ಗಾದಲ್ಲಿ ಭೂಮಾಪಕ. ದಿನಾ ಕುಷ್ಟಗಿಯಿಂದ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಕಾಕಾ ನನ್ನನ್ನು "ಮೋಜಣಿ ಸಾಹೇಬ" ಎಂದು ಕರೆಯುತ್ತಿದ್ದರು. ಅದರಲ್ಲಿ ಸ್ವಲ್ಪ ಚೇಷ್ಟೆ, ಸ್ವಲ್ಪ ಹೆಮ್ಮೆ.

ಗಣಿ ಬಂದಾಗಿ ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಸಾಲುಸಾಲಾಗಿ ನಿಂತುಹೋದ ಮೇಲೆ, ಅದಿರಿನ ದುಡ್ಡಿನಲ್ಲಿ ಕೊಂಡ ದೊಡ್ಡವರ ಗಾಡಿಗಳು ಸುತ್ತಲಿನ ಊರುಗಳಿಗೆ ಮಾರಾಟಕ್ಕೆ ಬಂದವು. ಅಂಥದ್ದೊಂದನ್ನು ಗಂಗಾವತಿಯ ಗಿರಣಿಯೊಂದರ ಶೆಡ್ಡಿನಲ್ಲಿ ಕಂಡೆ. ಎರಡೇ ಬಾಗಿಲು. ನೆಲಕ್ಕೆ ಹತ್ತಿಕೊಂಡಂತೆ ತಗ್ಗು. ಬೂದಿ ಬಣ್ಣ. ಹಿಂದಿನಿಂದ ನೋಡಿದರೆ ಓಡಲು ಕಾಲು ಮಡಚಿ ಕೂತ ಪ್ರಾಣಿಯ ಹಾಗಿತ್ತು. ಪೆಟ್ರೋಲ್ ಅಲ್ಲ, ಡೀಸೆಲ್. ನನ್ನಂಥವನಿಗೆ ಅದು ಬೇಕಿರಲಿಲ್ಲ ಎಂಬುದು ಆಗಲೂ ಗೊತ್ತಿತ್ತು. ಆದರೂ ಮೂರು ದಿನ ಊಟ ಸೇರಲಿಲ್ಲ. ಯಾರಾದರೂ ಒಯ್ದುಬಿಟ್ಟರೆ ಎಂಬ ಒಂದೇ ದಿಗಿಲು.

ಕಾಕಾನನ್ನು ಕರೆದುಕೊಂಡು ಹೋದೆ. ಹೋಗುವ ಮುನ್ನ ಗಿರಣಿಯ ಮ್ಯಾನೇಜರಿಗೆ ಫೋನ್ ಮಾಡಿದ್ದೆ. ಅದೇ ನನ್ನ ಮೊದಲ ತಪ್ಪು. ಕಾಕಾ ಗಾಡಿಯನ್ನು ಸುತ್ತ ನೋಡಲೂ ಇಲ್ಲ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನನ್ನ ಕಡೆ ತಿರುಗಿದರು.

"ನಡಿ, ಮನಿಗೆ ಹೋಗೂಣು."

"ಯಾಕ್ರಿ ಯಜಮಾನ್ರ, ಇನ್ನೂ ಚಾಲೂನ ಮಾಡಿಲ್ಲಲ್ರಿ?" ಎಂದ ಮ್ಯಾನೇಜರ್.

"ನೀವು ಮಾಡೀರಲ್ಲ. ಮೈ ಬೆಚ್ಚಗ ಐತಿ. ನೋಡಾಕ ಬರೋರ ಮುಂದ ಕನ್ಯಾಕ ಪೌಡರ್ ಬಡದು ಕುಂದ್ರಿಸಿದಂಗ ಕುಂದ್ರಿಸೀರಿ."

ದಾರಿಯಲ್ಲಿ ನನಗೆ ವಿವರಿಸಿದರು. ಹಳೆಯ ಡೀಸೆಲ್ ಎಂಜಿನ್ನಿನ ರೋಗ ತಿಳಿಯುವುದು ಅದು ತಣ್ಣಗೆ ಮಲಗಿದ್ದಾಗ ಎಬ್ಬಿಸಿದರೆ ಮಾತ್ರ. ಮಾರುವವನು ಮೊದಲೇ ಚಾಲೂ ಮಾಡಿ ಇಟ್ಟಿದ್ದರೆ ಏನೋ ಮುಚ್ಚುತ್ತಿದ್ದಾನೆ ಎಂದೇ ಲೆಕ್ಕ. ಹೇಳದೆ ಹೋಗಬೇಕು, ಬೆಳಿಗ್ಗೆ ಹೋಗಬೇಕು.

ನಾಲ್ಕು ದಿನ ಬಿಟ್ಟು ಮೊದಲ ಬಸ್ಸಿಗೆ ಹೇಳದೆ ಹೋದೆವು. ಈ ಸಲ ಬಾನೆಟ್ ತಣ್ಣಗಿತ್ತು. ಚಾಲೂ ಮಾಡಿದಾಗ ಬಿಳಿ ಹೊಗೆ ಒಂದು ಕ್ಷಣ ಬಂದು ತಿಳಿಯಾಯಿತು. ಕಾಕಾ ಬಿಳಿ ಅರಿವೆಯೊಂದನ್ನು ಹೊಗೆಕೊಳವೆಯ ಬಾಯಿಗೆ ಹಿಡಿದು, ಅದರ ಕಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಆಮೇಲೆ ಸ್ಕ್ರೂಡ್ರೈವರ್ ಕಚ್ಚಿ, ಕಣ್ಣು ಮುಚ್ಚಿ, ಡೀಸೆಲ್ ಸಿಂಪಡಿಸುವ ನಾಲ್ಕು ನಳಿಗೆಗಳಿಗೂ ಮೊನೆಯನ್ನು ಮುಟ್ಟಿಸಿದರು. ಮೂರನೆಯದರಲ್ಲಿ ಬಹಳ ಹೊತ್ತು ನಿಂತರು.

"ಇದೊಂದು ಸರಿಯಾಗಿ ಸಿಂಪಡಿಸವಲ್ದು, ಜೊಲ್ಲು ಸುರಿಸಾಕತ್ತೈತಿ. ನಾ ಮಾಡಿ ಕೊಡ್ತೀನಿ. ಎಂಜಿನ್ ಛಲೋ ಐತಿ."

ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದರು. ಹೊರಗೆ ಬಂದಾಗ ಮುಖ ಬೇರೆಯಾಗಿತ್ತು. ತಳದಲ್ಲಿ ಇರಬೇಕಾದ ತಗಡು ಇರಲಿಲ್ಲ. ನಮ್ಮ ರಸ್ತೆಗಳ ಉಬ್ಬಿಗೆ ಬಡಿದು ಬಡಿದು ಹರಿದಿತ್ತೇನೋ, ಯಾರೋ ಬಿಚ್ಚಿ ಎಸೆದಿದ್ದರು. ಇಂಥ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಸೋಸುವ ಡಬ್ಬಿಯೊಂದು ಇರುತ್ತದೆ, ತುಂಬಿದ ಮಸಿಯನ್ನು ಅದು ಓಡುತ್ತಲೇ ತಾನೇ ಸುಟ್ಟುಕೊಳ್ಳುತ್ತದೆ, ಆಗ ಅದು ಒಲೆಯ ಹಾಗೆ ಕಾಯುತ್ತದೆ ಎಂದು ಹೇಳಿದರು.

"ತಗಡು ಇಲ್ಲಂದ್ರ ಒಲಿ ತೆರದಂಗ. ಮೊದ್ಲ ಅದನ್ನ ಹೈದರಾಬಾದಿಂದ ತರಸು. ಹಾಕಿದ ಮ್ಯಾಲ ಗಾಡಿ ಒಯ್ಯಿ."

ಆಮೇಲೆ ಅವರು ಮಾಡಿದ್ದು ನನಗೆ ಆಗ ತಮಾಷೆಯಾಗಿ ಕಂಡಿತು. ಮುಂದಿನ ಸೀಟು ಬಗ್ಗಿಸಿ, ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಸೀಟು ಹಿಂದಕ್ಕೆ ಹಾಕಿಸಿ ಬಾಗಿಲು ಮುಚ್ಚಿಸಿದರು. ಒಳಗಿನಿಂದ ಗಾಜು ಬಡಿದರು. "ಈಗ ನನ್ನ ಹೊರಗ ತೆಗಿ, ಮೋಜಣಿ ಸಾಹೇಬ."

ಡ್ರೈವರ್ ಬದಿಯ ಸೀಟನ್ನು ಬಗ್ಗಿಸುವ ಸನ್ನೆಕೋಲು ಬಿಗಿದುಕೊಂಡಿತ್ತು, ಎಳೆದರೂ ಸೀಟು ಬಾಗಲಿಲ್ಲ. ಎಡಬದಿಯದು ಒದ್ದಾಡಿ ಬಾಗಿತು. ಕಾಕಾ ಹೊರಬಂದು ಎಡಬದಿಯ ಸನ್ನೆಗೆ ಎಣ್ಣೆ ಬಿಟ್ಟು, ಇಪ್ಪತ್ತು ಸಲವಾದರೂ ಎಳೆದು ಬಿಟ್ಟು ಹದಕ್ಕೆ ತಂದರು. ಬಲಬದಿಯದಕ್ಕೆ ಬೇರೆ ಸ್ಪ್ರಿಂಗ್ ಬೇಕೆಂದರು. "ಎರಡ ಬಾಗಲದ ಗಾಡ್ಯಾಗ ಎಂಜಿನ್ ನೋಡೂಕಿಂತ ಮೊದ್ಲ ಇದನ್ನ ನೋಡಬೇಕು. ಹಿಂದ ಕುಂತಾವ್ರಿಗೆ ತಮ್ಮ ಕೈಯಾಗ ಏನೂ ಇರೂದಿಲ್ಲ. ಮುಂದ ಕುಂತಾವ ಇಳಿಸಿದ್ರ ಇಳೀಬೇಕು."

ಮ್ಯಾನೇಜರ್ ನಗುತ್ತ, "ನಾಳಿ ರಾಯಚೂರಿನ ಪಾರ್ಟಿ ಬರ್ತೈತ್ರಿ," ಎಂದ. ನಾನು ಅವತ್ತೇ ಒಪ್ಪಿಕೊಂಡೆ. ತಗಡು ಬರಲು ಮೂರು ವಾರ, ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ ಎಂದು ಕಾಕಾಗೆ ಮಾತು ಕೊಟ್ಟೆ.

ಮಾತು ಉಳಿಯಲಿಲ್ಲ. ಅವ್ವನಿಗೆ ಗಂಗಾವತಿಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆ. ವಾರ ಕಳೆದು ಮನೆಗೆ ಕರೆತರಬೇಕಿತ್ತು. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರು. ಅದು ನನಗೊಂದು ನೆಪವಾಯಿತು. ಒಂದೇ ಸಲ, ಮನೆ ಮುಟ್ಟುವ ತನಕ ಎಂದೆ. ಕಾಕಾ ನನ್ನ ತುಟಿಯನ್ನೇ ನೋಡಿ, ತಾವೂ ಹೊರಟರು. ಒಂದೇ ಒಂದು ಮಾತು ಹೇಳಿದರು. ದಾರಿಯಲ್ಲಿ ಹುರುಳಿ ಹಾಸಿದ್ದು ಕಂಡರೆ ನಿಲ್ಲಿಸಬೇಕು, ಇಳಿದು ಬಳ್ಳಿ ಸರಿಸಿ ದಾಟಬೇಕು.

ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ ಬಳ್ಳಿಯನ್ನು ಕಿತ್ತು ತಂದು ಡಾಂಬರು ರಸ್ತೆಯ ಮೇಲೇ ಹರವುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರುತ್ತದೆ, ಬಡಿಯುವ ಕೆಲಸ ತಪ್ಪುತ್ತದೆ. ನಾನು ಶಾಲೆಗೆ ಹೋಗುವಾಗ ನಮ್ಮವ್ವನೂ ಹಾಗೆ ರಸ್ತೆಯ ಮಗ್ಗುಲಲ್ಲಿ ಮೊರ ಹಿಡಿದು ಕೂತಿರುತ್ತಿದ್ದಳು. ಹಾಸಿನ ಮೇಲೆ ಹಾಯದೆ ಪಕ್ಕಕ್ಕೆ ತಪ್ಪಿಸಿ ಹೋದವರನ್ನು ಸಂಜೆಯವರೆಗೆ ಬೈಯುತ್ತಿದ್ದಳು.

ಆ ದಿನ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ಎಡಬದಿಯಿಂದ ಹಿಂದಿನ ಸೀಟಿಗೆ ಇಳಿದಳು. "ಇದೇನೋ ಯಪ್ಪಾ, ಹಗೇವಿನ್ಯಾಗ ಇಳದಂಗ ಆತು. ಜ್ವಾಳ ತೆಗ್ಯಾಕ ಇಳಿಸಿದೇನು ನನ್ನ?" ಎಂದಳು. ಗಾಡಿಯನ್ನು ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೆ ಹೋಲಿಸಿದ್ದು ಕಾಕಾಗೆ ಕೇಳಿಸಲಿಲ್ಲ, ನಾನು ಮಾತ್ರ ನಕ್ಕೆ.

ಮುಂದಿನದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕನಕಗಿರಿ ದಾಟಿದ್ದೆವು. ತಾವರಗೇರಾ ಇನ್ನೂ ಮುಂದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ರಸ್ತೆಯ ಪೂರ್ತಿ ಅಗಲಕ್ಕೆ ಹುರುಳಿ ಹಾಸಿತ್ತು. ಬೇವಿನ ಗಿಡದ ಕೆಳಗೆ ಇಬ್ಬರು ಹೆಣ್ಣುಮಕ್ಕಳು, ಅವರ ಪಕ್ಕ ನೀರಿನ ಕೊಡ. ಒಬ್ಬಳು ಎದ್ದು ಬಾ ಎನ್ನುವಂತೆ ಕೈ ಬೀಸಿದಳು.

"ನಿಲ್ಸು," ಎಂದರು ಕಾಕಾ.

"ಹಾಯ್ಸೋ ಮ್ಯಾಲ. ಪಾಪ, ಅವ್ರ ಕೈಯರ ಉಳೀಲಿ," ಎಂದಳು ಹಿಂದಿನಿಂದ ಅವ್ವ.

ಎರಡು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿದವು. ನಾನು ಹಾಯಿಸಿದೆ.

ಆಚೆ ತುದಿಗೆ ಬರುವಷ್ಟರಲ್ಲಿ ಗಾಲಿಗಳು ಭಾರವಾದವು. ಬಳ್ಳಿ ತಳಕ್ಕೆ ಸುತ್ತಿಕೊಂಡಿತ್ತು. ಕಾಕಾ ಮೂಗು ಎತ್ತಿದರು. ಸುಟ್ಟ ಹೊಟ್ಟಿನ ವಾಸನೆ ನನಗೆ ಆಮೇಲೆ ಬಂತು. ಎಡಗಡೆಯ ಕನ್ನಡಿಯಲ್ಲಿ ಹೊಗೆ, ಅದರ ಬುಡದಲ್ಲಿ ಕೆಂಪು. "ಬಂದ್ ಮಾಡಿ ಇಳೀ," ಎಂದರು ಕಾಕಾ.

ನಾನು ಕೀಲಿ ತಿರುಗಿಸಿದೆ. ಬಾಗಿಲು ತೆರೆದೆ. ಓಡಿದೆ.

ಹನ್ನೊಂದು ಹೆಜ್ಜೆ. ಅಳತೆಯ ಕೆಲಸದವನ ಕಾಲು ಕೇಳದೆಯೂ ಎಣಿಸುತ್ತದೆ. ಹನ್ನೊಂದನೆಯ ಹೆಜ್ಜೆಗೆ ತಿರುಗಿ ನೋಡಿದೆ. ಬಲಬದಿಯ ಸನ್ನೆ ಕೆಟ್ಟಿತ್ತು, ನನ್ನ ಕಡೆಯಿಂದ ಅವ್ವನನ್ನು ತೆಗೆಯಲು ಆಗುತ್ತಲೇ ಇರಲಿಲ್ಲ. ಇದನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ, ಅದು ನಿಜವೂ ಹೌದು. ಆದರೆ ಓಡುವಾಗ ನನಗೆ ಸನ್ನೆಯ ನೆನಪಿರಲಿಲ್ಲ. ಅವ್ವನ ನೆನಪೂ...

ಕಾಕಾ ಇಳಿದು ಎಡಬದಿಯ ಸನ್ನೆ ಎಳೆದರು. ಒಂದೇ ಎಳೆತಕ್ಕೆ ಸೀಟು ಬಾಗಿತು. ಅವ್ವನ ರಟ್ಟೆ ಹಿಡಿದು ಎಳೆದಾಗ ಸೆರಗು ಸೀಟಿನ ಕಬ್ಬಿಣಕ್ಕೆ ಸಿಕ್ಕಿತು. ಬಾಗಿಲ ಕೆಳಗೆ ಉರಿಯುತ್ತಿದ್ದ ಬಳ್ಳಿಯನ್ನು ಅವರು ಮೊಣಕಾಲೂರಿ ಬರಿಗೈಯಿಂದ ಬಾಚಿ ಬಾಚಿ ಹಿಂದಕ್ಕೆ ಎಸೆದರು. ಸೆರಗು ಹರಿದು, ಅವ್ವ ಹೊರಗೆ ಬಂದಳು. ಹೆಣ್ಣುಮಕ್ಕಳು ಓಡಿಬಂದು ಕೊಡದ ನೀರನ್ನು ಕಾಕಾನ ಕೈಗಳ ಮೇಲೆ ಸುರಿದರು. ಗಾಡಿಯ ಮೇಲೆ ಮಣ್ಣು ತೂರಿದೆವು. ಬೆಂಕಿ ಮಣ್ಣಿಗೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬರೀ ಕಪ್ಪು ಹಂದರ ಉಳಿಯಿತು.

ತಾವರಗೇರಾದ ದವಾಖಾನೆಗೆ ಯಾರದೋ ಟ್ರ್ಯಾಕ್ಟರಿನಲ್ಲಿ ಹೋದೆವು. ಅವ್ವ ನನ್ನನ್ನು ಬಿಟ್ಟು ಕಾಕಾನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಇಂವ ಎಲ್ಲಿ ಹೋಗಿದ್ದಾ?"

ಕಾಕಾನ ಎರಡೂ ಕೈ ಒದ್ದೆ ಅರಿವೆಯಲ್ಲಿದ್ದವು. ಹಲ್ಲು ಕಚ್ಚಿಕೊಂಡೇ ಹೇಳಿದರು. "ನೀರಿಗೆ ಓಡಿದ್ನಲ್ಲಬೇ. ನೋಡ್ಲಿಲ್ಲೇನು?"

"ಹೌದೇನು," ಎಂದಳು ಅವ್ವ. ಕಪ್ಪು ಕನ್ನಡಕದ ಮುಖ ಹೊರಗೆ ತಿರುಗಿಸಿದಳು.

ಕೈ ಮಾಗಿತು. ಆದರೆ ಬಲಗೈಯ ಹೆಬ್ಬೆರಳಿಗೂ ಅದರ ಪಕ್ಕದ ಎರಡು ಬೆರಳಿಗೂ ತುದಿಯಲ್ಲಿ ಸ್ಪರ್ಶ ಬರಲೇ ಇಲ್ಲ. ಪಂಪಿನ ಕೆಲಸ ಕೂದಲೆಳೆಯಷ್ಟರಲ್ಲಿ ಹೆಚ್ಚುಕಡಿಮೆಯಾಗುವ ಕೆಲಸ, ಬೆರಳ ತುದಿಯೇ ಅಲ್ಲಿ ಕಣ್ಣು. ವರ್ಷ ತುಂಬುವುದರೊಳಗೆ ಕಾಕಾ ಅಂಗಡಿ ಬಿಟ್ಟರು. "ಬೆರಳಿಗೆ ತಿಳೀವಲ್ದು," ಎಂದಷ್ಟೇ ಹೇಳುತ್ತಿದ್ದರು. ಅವತ್ತು "ನಿಲ್ಸು" ಎಂದಿದ್ದನ್ನು ಒಮ್ಮೆಯೂ ನೆನಪಿಸಲಿಲ್ಲ. ಹಳೆಯ ಗಾಡಿ ಕೊಳ್ಳುವವರು ಆಮೇಲೂ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು ಇನ್ನೂ ಇದ್ದವಲ್ಲ. ಸಂಜೆ ಕಟ್ಟೆಯ ಮೇಲೆ ಅವರ ಪಕ್ಕ ಕೂತು, ಇವತ್ತು ಹೇಳಬೇಕು ಎಂದು ನಾನು ಎಷ್ಟೋ ಸಲ ಬಾಯಿ ತೆರೆದೆ. ಅವರು ತುಟಿ ನೋಡಲು ತಿರುಗಿದ ಕೂಡಲೇ ಬೇರೆ ಏನೋ ಕೇಳುತ್ತಿದ್ದೆ. ಮಳೆ ಬಂದೀತೇ, ಊಟ ಆಯಿತೇ...

ಅವ್ವ ಹೋಗಿ ಐದು ವರ್ಷ. ಕಾಕಾ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು.

ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ನಿಂತಾಗ ಕಾಕಿಗೆ ಹೇಳಿಬಿಟ್ಟೆ. "ಕಾಕಿ, ನಾ ಅವತ್ತು ನೀರಿಗೆ ಓಡಿರಲಿಲ್ಲ."

ಕಾಕಿ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ಗೊತ್ತೈತಿ."

"ಕಾಕಾ ಹೇಳಿದ್ರೇನು?"

"ಅವ್ರು ಯಾಕ ಹೇಳ್ತಾರ. ಸಾಯೂತನಾ ನೀರಿಗೆ ಓಡಿದ್ದಾ ಅಂತನ ಅಂದ್ರು. ನಿಮ್ಮವ್ವ ಹೇಳಿದ್ಲು." ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದರು. "ಡಾಕ್ಟರು ಕಣ್ಣು ಭಾಳ ಛಲೋ ಮಾಡ್ಯಾರ, ಎಲ್ಲಾ ಕಂಡ್ತು ಅಂದ್ಲು. ಕೊಡ ಗಾಡಿ ಹಿಂದ ಇತ್ತು, ಅಂವ ಮುಂದಕ ಓಡಿದಾ ಅಂದ್ಲು. ತನಗ ಗೊತ್ತೈತಿ ಅಂತ ಅಂವಗ ತಿಳೀಬಾರ್ದು ಅಂತ ನನಗ ಆಣಿ ಹಾಕ್ಸಿದ್ಲು. ಈಗ ಅಕಿನೂ ಇಲ್ಲ, ಅವ್ರೂ ಇಲ್ಲ."

ನಾನು ಎಷ್ಟು ಹೊತ್ತು ನಿಂತಿದ್ದೆನೋ ಎಣಿಸಲಿಲ್ಲ. ಗಾಡಿ ಸುಟ್ಟ ದಿನದಿಂದ ತಾನು ಸಾಯುವ ತನಕ, ಎಂಟು ವರ್ಷ, ಅವ್ವ ನನಗೆ ದಿನವೂ ಊಟಕ್ಕೆ ಬಡಿಸಿದ್ದಳು.

ಈಗ ನನ್ನ ಬಳಿ ಇರುವುದು ನಾಲ್ಕು ಬಾಗಿಲಿನ, ಎತ್ತರದ ಹಳೆಯ ಗಾಡಿ. ನಿನ್ನೆ ಬೆಳಿಗ್ಗೆ ಅದು ತಣ್ಣಗಿದ್ದಾಗ ಚಾಲೂ ಮಾಡಿ, ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಕಚ್ಚಿ ನೋಡಿದೆ. ಹಿಡಿಯ ಮೇಲಿನ ಏಳು ಗುರುತುಗಳಲ್ಲಿ ಒಂದಕ್ಕೂ ನನ್ನ ಹಲ್ಲು ಕೂಡಲಿಲ್ಲ. ಎಂಜಿನ್ ನಡೆಯುತ್ತಿದೆ ಎಂಬುದಷ್ಟೇ ತಲೆಗೆ ಏರಿತು. ಒಳಗೆ ಯಾವುದು ಸರಿಯಿಲ್ಲ ಎಂದು ಹೇಳಬಲ್ಲವರು ಗೋಡೆಯ ಆಚೆ ಈಗ ಇಲ್ಲ.